ಪಿನ್‌ಬಾಲ್ ಮಶೀನಿನ ಮುಂದೆ ಮೊದಲ ಸಲ: ಬೆಳಗಾವಿಯಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಭಾನುವಾರ ಸಂಜೆ ನಾನು ಹೋಗುವ ಗೇಮ್ ಝೋನ್‌ನಲ್ಲಿ ಒಂದೇ ಒಂದು ಪಿನ್‌ಬಾಲ್ ಮಶೀನಿದೆ. ಕಾರ್ ರೇಸ್ ಮುಂದೆ, ಬಾಸ್ಕೆಟ್‌ಬಾಲ್ ಮುಂದೆ ಸಾಲು ಇರುತ್ತದೆ. ಪಿನ್‌ಬಾಲ್ ಹತ್ತಿರ ಬಂದವರು ಕಾರ್ಡ್ ತೋರಿಸಿ, ಎರಡೂ ಬಟನ್ ಪಟಪಟ ಒತ್ತಿ, ಒಂದೇ ನಿಮಿಷದಲ್ಲಿ ಮೂರೂ ಗುಂಡು ಕಳೆದುಕೊಂಡು ಹೊರಟುಬಿಡುತ್ತಾರೆ. ನೋಡಿದಾಗಲೆಲ್ಲ ನನಗೆ ಸಂಕಟ ಆಗುತ್ತದೆ. ಆ ಗಾಜಿನ ಕೆಳಗೆ ಎಷ್ಟು ಆಟ ಇದೆ ಅಂತ ಅವರಿಗೆ ಯಾರೂ ಹೇಳಿರುವುದಿಲ್ಲ. ಪಕ್ಕದಲ್ಲಿ ನಿಂತು ಹೇಳಿಕೊಟ್ಟು ಹೇಳಿಕೊಟ್ಟು ಜನ ಕೇಳುವ ಪ್ರಶ್ನೆಗಳು ನನಗೆ ಬಾಯಿಪಾಠ ಆಗಿವೆ. ಅವನ್ನೇ ಇಲ್ಲಿ ಬರೆದಿದ್ದೇನೆ.

ಪಿನ್‌ಬಾಲ್ ಅಂದ್ರೆ ಏನು? ನಾನು ಇದನ್ನು ಎಲ್ಲೋ ನೋಡಿದ್ದೇನೆ ಅನಿಸುತ್ತದೆ.

ನೋಡಿರುತ್ತೀರಿ. ಜಾತ್ರೆಯಲ್ಲಿ ಮಕ್ಕಳಿಗೆ ಒಂದು ಆಟದ ಹಲಗೆ ಮಾರುತ್ತಾರಲ್ಲ, ಅಲ್ಲಲ್ಲಿ ಮೊಳೆ ಹೊಡೆದಿರುತ್ತಾರೆ, ಬಲಗಡೆ ಒಂದು ಸ್ಪ್ರಿಂಗ್ ಇರುತ್ತದೆ. ಸ್ಪ್ರಿಂಗ್ ಎಳೆದು ಬಿಟ್ಟರೆ ಗೋಲಿ ಮೇಲೆ ಹೋಗಿ, ಮೊಳೆಗಳಿಗೆ ಬಡಿದು ಬಡಿದು ಯಾವುದೋ ಒಂದು ಮನೆಗೆ ಬೀಳುತ್ತದೆ. ಸವದತ್ತಿ ಯಲ್ಲಮ್ಮನ ಜಾತ್ರೆಯಿಂದ ನಮ್ಮಪ್ಪ ನನಗೆ ಅಂಥದ್ದೊಂದು ತಂದಿದ್ದರು. ಪಿನ್‌ಬಾಲ್‌ನ ಬೇರು ಅದೇ. 1871ರಲ್ಲಿ ಅಮೆರಿಕದ ಸಿನ್ಸಿನಾಟಿಯಲ್ಲಿ ಮಾಂಟೆಗ್ಯೂ ರೆಡ್‌ಗ್ರೇವ್ ಎಂಬಾತ ಈ ಹಲಗೆಗೆ ಸ್ಪ್ರಿಂಗ್ ಕೂಡಿಸಿ ಪೇಟೆಂಟ್ ತೆಗೆದುಕೊಂಡ. ಪಿನ್ ಅಂದರೆ ಆ ಮೊಳೆಗಳೇ. ಹೆಸರು ಅಲ್ಲಿಂದಲೇ ಬಂತು.

ಇನ್ನು ಕೆಲವರಿಗೆ ಸೈಬರ್ ಕೆಫೆ ದಿನಗಳು ನೆನಪಾಗುತ್ತವೆ. ವಿಂಡೋಸ್ ಎಕ್ಸ್‌ಪಿ ಕಂಪ್ಯೂಟರಿನಲ್ಲಿ ‘ಸ್ಪೇಸ್ ಕೆಡೆಟ್’ ಅಂತ ಒಂದು ಪಿನ್‌ಬಾಲ್ ಇತ್ತು. ಝಡ್ ಕೀ ಒತ್ತಿದರೆ ಎಡಗಡೆಯ ಫ್ಲಿಪ್ಪರ್, ಅಂದರೆ ಗುಂಡಿಗೆ ಹೊಡೆಯುವ ಪುಟ್ಟ ಕೈ, ಏಳುತ್ತಿತ್ತು. ಅದನ್ನು ಆಡಿದ್ದರೆ ನಿಮಗೆ ಅರ್ಧ ಆಟ ಬರುತ್ತದೆ.

ಬೆಳಗಾವಿಯಲ್ಲಿ ಪಿನ್‌ಬಾಲ್ ಹುಡುಕುವುದು ಹೇಗೆ?

ಎಲ್ಲ ಗೇಮ್ ಝೋನ್‌ಗಳಲ್ಲೂ ಪಿನ್‌ಬಾಲ್ ಇರುವುದಿಲ್ಲ. ಹೋಗುವ ಮೊದಲು ಫೋನ್ ಮಾಡಿ ಕೇಳಿ. ಸುಮ್ನೆ ‘ಪಿನ್‌ಬಾಲ್ ಇದೆಯಾ’ ಅಂದರೆ ಸಾಲದು. ಗುಂಡು ಉರುಳಿಸಿ ಟಿಕೆಟ್ ಗೆಲ್ಲುವ ಮಶೀನಿಗೂ ‘ಹೂಂ, ಐತಿ ಬರ್ರಿ’ ಅಂದುಬಿಡುತ್ತಾರೆ. ‘ಗಾಜಿನ ಕೆಳಗೆ ಉಕ್ಕಿನ ಗುಂಡು, ಎರಡೂ ಬದಿ ಬಟನ್, ಕೆಳಗೆ ಎರಡು ಫ್ಲಿಪ್ಪರ್’ ಅಂತ ಬಿಡಿಸಿ ಕೇಳಿ. ಬೆಂಗಳೂರಿಗೋ ಪುಣೆಗೋ ಹೋದಾಗಲೂ ಹೀಗೇ ವಿಚಾರಿಸಿಕೊಂಡು ಹೋಗಿ.

ಇದು ಲಕ್ ಆಟ ಅಲ್ವಾ?

ಎಲ್ಲಕ್ಕಿಂತ ಜಾಸ್ತಿ ಕೇಳುವ ಪ್ರಶ್ನೆ ಇದು. ಮನೆಯ ಹಿರಿಯರು ಇದನ್ನೇ ಬೇರೆ ರೀತಿ ಕೇಳುತ್ತಾರೆ: ‘ಇದು ಜೂಜು ಅಲ್ಲೇನಪ್ಪಾ?’ ಅಂತ.

ಒಂದು ಕಾಲದಲ್ಲಿ ಆ ಮಾತಿನಲ್ಲಿ ಸತ್ಯ ಇತ್ತು. 1931ರಲ್ಲಿ ಗಾಟ್ಲೀಬ್ ಕಂಪನಿಯ ‘ಬ್ಯಾಫಲ್ ಬಾಲ್’ ಬಂದು ಅಮೆರಿಕದ ಅಂಗಡಿ ಅಂಗಡಿಯಲ್ಲಿ ಕೂತಾಗ ಅದರಲ್ಲಿ ಫ್ಲಿಪ್ಪರೇ ಇರಲಿಲ್ಲ. ಗುಂಡು ಬಿಟ್ಟ ಮೇಲೆ ಆಡುವವರ ಕೈಯಲ್ಲಿ ಏನೂ ಉಳಿಯುತ್ತಿರಲಿಲ್ಲ. ಜನ ದುಡ್ಡು ಕಟ್ಟಿ ಆಡತೊಡಗಿದರು. 1942ರಲ್ಲಿ ನ್ಯೂಯಾರ್ಕ್ ನಗರ ಪಿನ್‌ಬಾಲನ್ನು ನಿಷೇಧಿಸಿತು. ಪೊಲೀಸರು ಸುತ್ತಿಗೆಯಿಂದ ಮಶೀನುಗಳನ್ನು ಒಡೆದು ಹಾಕಿದರು.

ಆಮೇಲೆ 1947ರಲ್ಲಿ ಗಾಟ್ಲೀಬ್ ಕಂಪನಿಯೇ ‘ಹಂಪ್ಟಿ ಡಂಪ್ಟಿ’ ಎಂಬ ಮಶೀನಿಗೆ ಆರು ಫ್ಲಿಪ್ಪರ್ ಕೂಡಿಸಿತು. ಆಗ ಬೀಳುವ ಗುಂಡನ್ನು ತಡೆದು ಮತ್ತೆ ಹೊಡೆಯುವ ಅಧಿಕಾರ ಆಡುವವರ ಕೈಗೆ ಬಂತು. ಆದರೂ ನ್ಯೂಯಾರ್ಕಿನ ನಿಷೇಧ 1976ರವರೆಗೆ ಉಳಿಯಿತು. ಅದು ತೆರವಾದ ಬಗೆ ನನಗೆ ತುಂಬಾ ಇಷ್ಟ. ರೋಜರ್ ಶಾರ್ಪ್ ಎಂಬ ಯುವಕ ನಗರಸಭೆಯವರ ಎದುರು ಮಶೀನು ಆಡಿ ತೋರಿಸಿದ. ‘ಈಗ ಪ್ಲಂಜರ್ (ಗುಂಡು ಬಿಡುವ ಸ್ಪ್ರಿಂಗ್ ಹಿಡಿಕೆ) ಎಳೆದು ಬಿಡುತ್ತೇನೆ, ಗುಂಡು ನಡುವಿನ ದಾರಿಯಲ್ಲೇ ಇಳಿಯುತ್ತದೆ’ ಅಂತ ಮೊದಲೇ ಹೇಳಿದ. ಎಳೆದು ಬಿಟ್ಟ. ಅಲ್ಲೇ ಇಳಿಯಿತು. ಇದು ಕೈಚಳಕದ ಆಟ ಅಂತ ಸಭೆಯವರು ಒಪ್ಪಿದರು.

ಹಿರಿಯರಿಗೆ ನಾನು ಹೇಳುವುದು ಇಷ್ಟೇ: ಇಲ್ಲಿ ದುಡ್ಡು ವಾಪಸ್ ಬರುವುದಿಲ್ಲ. ಚೆನ್ನಾಗಿ ಆಡಿದರೆ ಇನ್ನೊಂದು ಆಟ ಸಿಗಬಹುದು, ಅಷ್ಟೇ.

ಶುರು ಹೇಗೆ ಮಾಡಬೇಕು?

ಕಾರ್ಡ್ ತೋರಿಸಿ, ಮುಂದಿರುವ ಸ್ಟಾರ್ಟ್ ಬಟನ್ ಒತ್ತಿ. ಬಲಗಡೆ ಕೆಳಗೆ ಎಳೆಯುವ ಹಿಡಿಕೆ ಪ್ಲಂಜರ್. ಕೆಲವು ಮಶೀನುಗಳಲ್ಲಿ ಹಿಡಿಕೆಯ ಬದಲು ಒಂದು ಬಟನ್ ಇರುತ್ತದೆ. ಪೆಟ್ಟಿಗೆಯ ಎರಡೂ ಬದಿಗೆ ಇರುವ ಬಟನ್‌ಗಳು ಫ್ಲಿಪ್ಪರ್‌ಗೆ. ಹೊಸ ಮಶೀನಿನಲ್ಲಿ ಸಾಮಾನ್ಯವಾಗಿ ಒಂದು ಆಟಕ್ಕೆ ಮೂರು ಗುಂಡು. ಮೈದಾನ, ಅಂದರೆ ಗಾಜಿನ ಕೆಳಗೆ ಗುಂಡು ಓಡಾಡುವ ಹಲಗೆ, ಸುಮಾರು ಆರೂವರೆ ಡಿಗ್ರಿ ಇಳಿಜಾರಾಗಿರುತ್ತದೆ. ಹಾಗಾಗಿ ಏನೇ ಮಾಡಿದರೂ ಗುಂಡು ಕೊನೆಗೆ ನಿಮ್ಮ ಕಡೆಗೇ ಉರುಳಿ ಬರುತ್ತದೆ.

ಕಾಲು ಸ್ವಲ್ಪ ಅಗಲಿಸಿ ನಿಲ್ಲಿ. ಅಂಗೈ ಪೆಟ್ಟಿಗೆಯ ಮೂಲೆಗೆ ಆನಿಸಿ, ಬೆರಳು ಬಟನ್ ಮೇಲೆ ಇಡಿ. ಕಣ್ಣು ಗುಂಡಿನ ಮೇಲಿರಲಿ. ಮೇಲಿನ ಸ್ಕ್ರೀನ್ ಆಮೇಲೆ ನೋಡಿದರಾಯ್ತು.

ನನ್ನ ಮೂರೂ ಗುಂಡು ಒಂದು ನಿಮಿಷದಲ್ಲಿ ಹೋಗುತ್ತವೆ. ಯಾಕೆ?

ಎರಡೂ ಬಟನ್ ಒಟ್ಟಿಗೆ ಒತ್ತುತ್ತೀರಿ, ಅದಕ್ಕೇ. ಎರಡೂ ಫ್ಲಿಪ್ಪರ್ ಒಟ್ಟಿಗೆ ಎದ್ದರೆ ನಡುವಿನ ಸಂದು ಬಾಗಿಲಿನ ಹಾಗೆ ತೆರೆದುಕೊಳ್ಳುತ್ತದೆ. ಗುಂಡು ಅದರೊಳಗೇ ಜಾರುತ್ತದೆ. ಗುಂಡು ಯಾವ ಕಡೆ ಬರುತ್ತಿದೆಯೋ ಆ ಕಡೆಯದ್ದನ್ನು ಮಾತ್ರ ಒತ್ತಿ.

ಇದಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ. ಪಿನ್‌ಬಾಲ್ ಅಂದರೆ ಗುಂಡಿಗೆ ಹೊಡೆಯುತ್ತಲೇ ಇರುವ ಆಟ ಅಂತ ಎಲ್ಲರೂ ಅಂದುಕೊಂಡಿರುತ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ಚೆನ್ನಾಗಿ ಆಡುವವರನ್ನು ನೋಡಿ. ಅವರು ಮೊದಲು ಗುಂಡನ್ನು ನಿಲ್ಲಿಸುತ್ತಾರೆ.

ನನ್ನ ತಂಗಿಯ ಮಗಳಿಗೆ ಹನ್ನೊಂದು ವರ್ಷ. ಮೊದಲ ದಿನ ಎರಡು ಆಟ ಸೋತು ಮುಖ ಸಣ್ಣ ಮಾಡಿಕೊಂಡು, ‘ಮಾಮಾ, ನಾ ಏನೂ ಮಾಡಿಲ್ಲ, ಗುಂಡು ತಾನ ಹೋತು’ ಅಂದಳು. ಮೂರನೇ ಆಟದಲ್ಲಿ ನಾನು ಒಂದೇ ಮಾತು ಹೇಳಿದೆ: ‘ಹೊಡಿಬ್ಯಾಡ, ಹಿಡಿ.’ ಬಲಗಡೆಯ ಒಳದಾರಿಯಿಂದ ಗುಂಡು ನಿಧಾನವಾಗಿ ಇಳಿದು ಬಂತು. ಅವಳು ಬಲಗಡೆಯ ಬಟನ್ ಮೊದಲೇ ಒತ್ತಿ ಹಾಗೇ ಹಿಡಿದುಕೊಂಡಳು. ಎದ್ದು ನಿಂತ ಫ್ಲಿಪ್ಪರಿನ ಮೇಲೆ ಗುಂಡು ಒಂದಿಷ್ಟು ಏರಿತು, ಹಿಂದಕ್ಕೆ ಬಂತು, ಮತ್ತೆ ಸ್ವಲ್ಪ ಏರಿತು. ಆಮೇಲೆ ಫ್ಲಿಪ್ಪರಿನ ಬುಡದಲ್ಲಿ, ತೊಟ್ಟಿಲಲ್ಲಿ ಮಲಗಿದ ಹಾಗೆ ಸುಮ್ಮನೆ ನಿಂತುಬಿಟ್ಟಿತು. ಅವಳು ಬಟನ್ ಬಿಡದೆ, ಉಸಿರೂ ಬಿಡದೆ, ನನ್ನ ಕಡೆ ತಿರುಗಿ ನೋಡಿದಳು. ಆಟ ಅವಳ ಕೈಗೆ ಬಂದದ್ದು ಆ ಹೊತ್ತಿಗೆ.

ಗುಂಡು ನಿಂತ ಮೇಲೆ ಅವಸರ ಬೇಡ. ನೋಡಿ, ಯಾವುದಕ್ಕೆ ಹೊಡೆಯಬೇಕು ಅಂತ ತೀರ್ಮಾನ ಮಾಡಿ. ಆಮೇಲೆ ಬಟನ್ ಬಿಡಿ. ಫ್ಲಿಪ್ಪರ್ ಕೆಳಗಿಳಿಯುತ್ತದೆ, ಗುಂಡು ಬುಡದಿಂದ ತುದಿಯ ಕಡೆ ಉರುಳುತ್ತದೆ. ಬುಡದ ಹತ್ತಿರ ಇದ್ದಾಗಲೇ ಹೊಡೆದರೆ ಗುಂಡು ನೇರ ಮೇಲಕ್ಕೆ ಅಥವಾ ಅದೇ ಬದಿಗೆ ಹೋಗುತ್ತದೆ. ತುದಿಗೆ ಬಂದಷ್ಟೂ ಎದುರು ಬದಿಗೆ ಓರೆಯಾಗಿ ಹೋಗುತ್ತದೆ. ಅಂದರೆ ಬಲಗಡೆಯ ಫ್ಲಿಪ್ಪರಿನಿಂದ ಹೊಡೆದದ್ದು ಗುರಿಗಿಂತ ಎಡಕ್ಕೆ ಹೋಯಿತು ಅಂದರೆ ನೀವು ತಡ ಮಾಡಿದ್ದೀರಿ. ಬಲಕ್ಕೆ ಹೋಯಿತು ಅಂದರೆ ಅವಸರ ಮಾಡಿದ್ದೀರಿ. ಎಡಗಡೆಯದ್ದಕ್ಕೆ ಇದೇ ಲೆಕ್ಕ ತಿರುಗಿಸಿ. ಇದೊಂದು ಗೊತ್ತಿದ್ದರೆ ತಪ್ಪಿದ ಪ್ರತಿ ಹೊಡೆತವೂ ಏನೋ ಒಂದು ಹೇಳಿಕೊಡುತ್ತದೆ.

ಬಟನ್ ಅಷ್ಟು ಹೊತ್ತು ಒತ್ತಿ ಹಿಡಿದರೆ ಮಶೀನು ಕೆಡಲ್ವಾ?

ಕೆಡುವುದಿಲ್ಲ. ಈ ಭಯ ಹಲವರಿಗಿದೆ, ಅದಕ್ಕೇ ಗುಂಡು ಹಿಡಿಯಲು ಹಿಂಜರಿಯುತ್ತಾರೆ.

ಉದ್ಯಮಬಾಗ್‌ನಲ್ಲಿ ಹೈಡ್ರಾಲಿಕ್ ಕೆಲಸ ಮಾಡುವ ನನ್ನ ಗೆಳೆಯನೊಬ್ಬ ಒಂದು ದಿನ ಜೊತೆಗೆ ಬಂದಿದ್ದ. ಅವತ್ತು ರಿಪೇರಿಗೆ ಅಂತ ಗಾಜು ತೆಗೆದು, ಮೈದಾನದ ಹಲಗೆಯನ್ನೇ ಕಾರಿನ ಬಾನೆಟ್ ಎತ್ತಿದ ಹಾಗೆ ಎತ್ತಿ ನಿಲ್ಲಿಸಿದ್ದರು. ಕೆಳಗೆ ವೈರುಗಳ ಕಟ್ಟು, ಸಾಲು ಸಾಲು ಸ್ವಿಚ್, ತಾಮ್ರದ ತಂತಿ ಸುತ್ತಿದ ಕಾಯಿಲ್‌ಗಳು. ಗೆಳೆಯ ಬಗ್ಗಿ ನೋಡಿ, ‘ಲೇ ದೋಸ್ತ, ಇದು ನಮ್ಮ ಸೊಲೆನಾಯ್ಡ್ ವಾಲ್ವ್ ಇದ್ದಂಗ ಐತಲ್ಲೋ!’ ಅಂದ. ಸರಿಯಾಗಿ ಅದೇ. ಬಟನ್ ಒತ್ತಿದಾಗ ಕಾಯಿಲ್‌ಗೆ ಕರೆಂಟ್ ಹೋಗಿ ಅಯಸ್ಕಾಂತ ಆಗುತ್ತದೆ. ಒಳಗಿನ ಕಬ್ಬಿಣದ ಸರಳನ್ನು ಸೆಳೆಯುತ್ತದೆ. ಆ ಸರಳು ಫ್ಲಿಪ್ಪರನ್ನು ತಿರುಗಿಸುತ್ತದೆ. ಏಳಿಸಲು ಜೋರು ಕರೆಂಟ್ ಬೇಕು. ಎದ್ದ ಮೇಲೆ ಹಿಡಿದು ನಿಲ್ಲಿಸಲು ಸ್ವಲ್ಪವೇ ಸಾಕು. ಮಶೀನು ತಾನೇ ಜೋರಿನದ್ದನ್ನು ನಿಲ್ಲಿಸಿ ಸಣ್ಣದಕ್ಕೆ ಬದಲಾಗುತ್ತದೆ. ಹಿಡಿಯಲಿ ಅಂತಲೇ ಹಾಗೆ ಮಾಡಿದ್ದಾರೆ. ನಿಶ್ಚಿಂತೆಯಿಂದ ಹಿಡಿಯಿರಿ.

ಗೆಳೆಯ ಗುಂಡನ್ನು ಅಂಗೈಯಲ್ಲಿ ತೂಗಿ ನೋಡಿದ. 27 ಮಿಲಿಮೀಟರ್ ಅಗಲ, ಸುಮಾರು 80 ಗ್ರಾಂ. ದೊಡ್ಡ ಬೇರಿಂಗ್ ಗುಂಡಿನ ಹಾಗೇ ಇದೆ. ಅದರ ಮೇಲೆ ಗೀರು ಬಿದ್ದರೆ, ತುಕ್ಕು ಹಿಡಿದರೆ ಅದು ಮೈದಾನದ ಬಣ್ಣವನ್ನು ಮರಳು ಕಾಗದದ ಹಾಗೆ ಉಜ್ಜಿ ತಿನ್ನುತ್ತದೆ. ನಮ್ಮೂರಿನ ಜುಲೈ, ಆಗಸ್ಟ್ ಮಳೆ ನಿಮಗೆ ಗೊತ್ತು. ಮಶೀನು ಇಟ್ಟವರು ಗುಂಡುಗಳನ್ನು ಆಗಾಗ ಒರೆಸಿ, ಹಳೆಯದಾದರೆ ಬದಲಾಯಿಸಲೇಬೇಕು.

ಪ್ರತಿ ಸಲ ಫ್ಲಿಪ್ಪರ್ ಒತ್ತಲೇಬೇಕಾ?

ಬೇಡ. ಗುಂಡು ವೇಗವಾಗಿ ಒಂದು ಫ್ಲಿಪ್ಪರಿನ ಮೇಲೆ ಬೀಳುತ್ತಿದ್ದರೆ ಸುಮ್ನೆ ಬಿಟ್ಟು ನೋಡಿ. ಅದು ಪುಟಿದು ಆಚೆ ಕಡೆಯ ಫ್ಲಿಪ್ಪರಿಗೆ ನಿಧಾನವಾಗಿ ಹೋಗುತ್ತದೆ. ಅಲ್ಲಿ ಹಿಡಿಯಿರಿ. ಮೊದಲ ಸಲ ಕೈ ಕಟ್ಟಿದ ಹಾಗೆ ಅನಿಸುತ್ತದೆ. ಎರಡು ದಿನದಲ್ಲಿ ರೂಢಿ ಆಗುತ್ತದೆ.

ಮಶೀನು ಅಲುಗಾಡಿಸಬಹುದಾ? ಅದು ಮೋಸ ಅಲ್ವಾ?

ಮೋಸ ಅಲ್ಲ, ಆಟದ ಭಾಗ. ಗುಂಡು ಬದಿಯ ಸಂದಿಗೆ ಹೋಗುತ್ತಿರುವಾಗ ಅಂಗೈಯಿಂದ ಒಂದು ಸಣ್ಣ ತಳ್ಳು ಕೊಟ್ಟರೆ ಅದು ಕಂಬಕ್ಕೆ ಬಡಿದು ಒಳಗೆ ಬರಬಹುದು. ಆದರೆ ಮಿತಿ ಇದೆ.

ಗೌಂಡಿಯವರು ಗೋಡೆ ನೆಟ್ಟಗಿದೆಯಾ ನೋಡಲು ದಾರಕ್ಕೆ ಕಟ್ಟಿ ಇಳಿಬಿಡುವ ಗುಂಡು ನೋಡಿದ್ದೀರಲ್ಲ? ಮಶೀನಿನ ಒಳಗೂ ಅಂಥದ್ದೇ ಒಂದು ತೂಗಾಡುತ್ತಿರುತ್ತದೆ. ಅದರ ಸುತ್ತ ಒಂದು ಲೋಹದ ಬಳೆ. ಮಶೀನು ಜಾಸ್ತಿ ಅಲುಗಿದರೆ ತೂಗುಗುಂಡು ಬಳೆಗೆ ತಾಗುತ್ತದೆ, ಕರೆಂಟ್ ಹರಿಯುತ್ತದೆ, ಎಚ್ಚರಿಕೆ ಬರುತ್ತದೆ. ಸಾಮಾನ್ಯವಾಗಿ ಎರಡು ಎಚ್ಚರಿಕೆ. ಅದರ ಮೇಲೂ ಅಲುಗಿಸಿದರೆ ‘ಟಿಲ್ಟ್’. ಫ್ಲಿಪ್ಪರ್‌ಗಳು ಸತ್ತು ಹೋಗುತ್ತವೆ. ಆ ಗುಂಡೂ ಹೋಯಿತು, ಅದರ ಕೊನೆಯಲ್ಲಿ ಸಿಗಬೇಕಿದ್ದ ಬೋನಸ್ ಕೂಡ ಹೋಯಿತು. 1930ರ ದಶಕದಲ್ಲಿ ಹ್ಯಾರಿ ವಿಲಿಯಮ್ಸ್ ಮಾಡಿದ ಏರ್ಪಾಡು ಇದು. ಸ್ಕ್ರೀನ್, ಸಾಫ್ಟ್‌ವೇರ್ ಎಲ್ಲ ಬಂದ ಮೇಲೂ ಬಹುಪಾಲು ಮಶೀನುಗಳಲ್ಲಿ ಇನ್ನೂ ಅದೇ ತೂಗುಗುಂಡೇ ಇದೆ.

ಒಂದು ಎಚ್ಚರಿಕೆ ಬಂದರೆ ಎರಡು ಮೂರು ಸೆಕೆಂಡು ಕೈ ಸಡಿಲ ಬಿಡಿ. ತೂಗುಗುಂಡು ಇನ್ನೂ ಆಡುತ್ತಿರುತ್ತದೆ, ಆಗ ಸಣ್ಣ ತಳ್ಳೂ ಸಾಕು ಟಿಲ್ಟ್ ಆಗಲು. ಇಬ್ಬರು ಆಡುವಾಗ ನಿಮ್ಮ ಗುಂಡು ಹೋದ ಸಿಟ್ಟಿಗೆ ಮಶೀನು ತಳ್ಳಬೇಡಿ. ತೂಗುಗುಂಡು ಆಡುತ್ತಲೇ ಇದ್ದರೆ ಮುಂದಿನವರ ಗುಂಡು ಅವರ ತಪ್ಪಿಲ್ಲದಿದ್ದರೂ ಟಿಲ್ಟ್ ಆಗಿ ಹೋಗಬಹುದು. ಮುಂಭಾಗ ಎತ್ತಿ ಕುಕ್ಕುವುದು, ಒದೆಯುವುದು ಬೇಡವೇ ಬೇಡ. ಹಾಗೆ ಮಾಡಿದರೆ ಎಲ್ಲರ ಆಟವೂ ಅಲ್ಲಿಗೇ ಮುಗಿಯುವ ಏರ್ಪಾಡೂ ಇರುತ್ತದೆ. ಮಶೀನು ನೂರು ಕಿಲೋಗಿಂತ ಜಾಸ್ತಿ ಇರುತ್ತದೆ, ಕಾಲಿನ ಮೇಲೆ ಬಿದ್ದರೆ ಕಷ್ಟ.

ಇಷ್ಟೊಂದು ಲೈಟು, ಇಷ್ಟೊಂದು ಸದ್ದು. ಯಾವುದಕ್ಕೆ ಹೊಡೆಯಬೇಕು?

ಮಿನುಗುವ ಬಾಣಕ್ಕೆ. ಶುರುವಿಗೆ ಇಷ್ಟು ಸಾಕು. ಮೈದಾನದ ಮೇಲೆ ಬಾಣದ ಆಕಾರದ ಲೈಟುಗಳಿರುತ್ತವೆ. ಯಾವುದು ಮಿನುಗುತ್ತಿದೆಯೋ ಅಲ್ಲಿ ಈಗ ಬೆಲೆ ಜಾಸ್ತಿ.

ಎರಡು ಬಾಣ ಮಿನುಗುತ್ತಿದ್ದರೆ ರ‍್ಯಾಂಪ್ ಕಡೆಗಿರುವುದನ್ನು ಆರಿಸಿ. ರ‍್ಯಾಂಪ್ ಅಂದರೆ ಏರುದಾರಿ. ಅದನ್ನು ಹತ್ತಿದ ಗುಂಡು ಸಾಮಾನ್ಯವಾಗಿ ತಂತಿಯ ದಾರಿ ಹಿಡಿದು ಸೀದಾ ನಿಮ್ಮ ಫ್ಲಿಪ್ಪರಿಗೇ ವಾಪಸ್ ಬರುತ್ತದೆ. ನಡುವೆ ನೆಟ್ಟಗೆ ನಿಂತಿರುವ ಟಾರ್ಗೆಟ್‌ಗೆ ಹೊಡೆದರೆ ಗುಂಡು ಅಷ್ಟೇ ವೇಗದಲ್ಲಿ ಎದೆಗೆ ಬಂದ ಹಾಗೆ ವಾಪಸ್ ಬಂದು ನಡುಸಂದಿಗೆ ಬೀಳುತ್ತದೆ. ಹೊಸಬರ ಗುಂಡು ಹೋಗುವುದು ಜಾಸ್ತಿ ಹೀಗೇ.

ಫ್ಲಿಪ್ಪರ್‌ಗಳ ನಡುವೆ ಒಂದು ಲೈಟ್ ಮಿನುಗುತ್ತಿದ್ದರೆ ಅದು ‘ಬಾಲ್ ಸೇವ್’. ಆ ಕೆಲವು ಸೆಕೆಂಡುಗಳಲ್ಲಿ ಗುಂಡು ಹೋದರೂ ವಾಪಸ್ ಕೊಡುತ್ತಾರೆ. ಎರಡು ಮೂರು ಗುಂಡು ಒಟ್ಟಿಗೆ ಬಂದರೆ ‘ಮಲ್ಟಿಬಾಲ್’. ಆಗ ಎಲ್ಲರೂ ಗಾಬರಿಯಾಗಿ ಮತ್ತೆ ಪಟಪಟ ಶುರು ಮಾಡುತ್ತಾರೆ. ಒಂದು ಗುಂಡನ್ನು ಒಂದು ಫ್ಲಿಪ್ಪರಿನಲ್ಲಿ ಹಿಡಿದು ನಿಲ್ಲಿಸಿ, ಇನ್ನೊಂದು ಫ್ಲಿಪ್ಪರಿನಿಂದ ಉಳಿದದ್ದನ್ನು ಆಡಿ.

ಈ ಮಶೀನುಗಳನ್ನು ಈಗಲೂ ಹೊಸದಾಗಿ ಮಾಡ್ತಾರಾ?

ಮಾಡುತ್ತಾರೆ. 1992ರಲ್ಲಿ ಬಂದ ‘ಆ್ಯಡಮ್ಸ್ ಫ್ಯಾಮಿಲಿ’ ಎಂಬ ಮಶೀನು 20,000ಕ್ಕೂ ಜಾಸ್ತಿ ಮಾರಾಟವಾಗಿತ್ತು. ಅದಾಗಿ ಏಳೇ ವರ್ಷಕ್ಕೆ, 1999ರಲ್ಲಿ, ವಿಲಿಯಮ್ಸ್ ಕಂಪನಿ ಪಿನ್‌ಬಾಲ್ ಮಾಡುವುದನ್ನೇ ನಿಲ್ಲಿಸಿತು. ಆಟ ಮುಗಿಯಿತು ಅಂತ ಎಲ್ಲರೂ ಅಂದುಕೊಂಡರು. ಶಿಕಾಗೋ ಸೀಮೆಯ ಸ್ಟರ್ನ್ ಕಂಪನಿ ಮಾತ್ರ ಹಿಡಿದ ಪಟ್ಟು ಬಿಡಲಿಲ್ಲ. 2011ರಲ್ಲಿ ಜರ್ಸಿ ಜ್ಯಾಕ್ ಎಂಬ ಇನ್ನೊಂದು ಕಂಪನಿ ಹುಟ್ಟಿತು. ಸ್ಟರ್ನ್‌ನ ಹೊಸ ಮಶೀನುಗಳಲ್ಲಿ ಮುಂದೆ ಕ್ಯೂಆರ್ ಕೋಡ್ ಓದುವ ಏರ್ಪಾಡು ಇರುತ್ತದೆ. ಮೊಬೈಲ್‌ನಲ್ಲಿ ಖಾತೆ ತೆರೆದರೆ ನಿಮ್ಮ ಸ್ಕೋರ್ ಉಳಿಯುತ್ತದೆ.

ಗುಂಡು ಎಲ್ಲೋ ಸಿಕ್ಕಿಹಾಕಿಕೊಂಡರೆ?

ಕೈ ತೆಗೆದು ಸ್ವಲ್ಪ ಹೊತ್ತು ಕಾಯಿರಿ. ಗುಂಡು ಕಾಣೆಯಾಗಿದೆ ಅಂತ ಮಶೀನಿಗೇ ಗೊತ್ತಾಗುತ್ತದೆ. ಒಂದೊಂದೇ ಕಾಯಿಲ್ ಟಕ್ ಟಕ್ ಅನ್ನಿಸಿ ಹುಡುಕುತ್ತದೆ. ಆಗಲೂ ಬರದಿದ್ದರೆ ಅಲ್ಲಿನ ಹುಡುಗರನ್ನು ಕರೆಯಿರಿ.

ಫ್ಲಿಪ್ಪರ್ ಸೋತಿದ್ದರೂ ಹೇಳಿ. ಒಂದು ಕಡೆ ಬಲಗಡೆಯ ಫ್ಲಿಪ್ಪರಿಗೆ ಶಕ್ತಿಯೇ ಇರಲಿಲ್ಲ, ರ‍್ಯಾಂಪಿನ ಅರ್ಧಕ್ಕೆ ಹೋಗಿ ಗುಂಡು ಇಳಿದು ಬರುತ್ತಿತ್ತು. ಮೂರು ವಾರ ಹೇಳಿದೆ, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಆ ಮೂರು ವಾರದಲ್ಲಿ ಎಷ್ಟು ಮಕ್ಕಳು ‘ನನಗೆ ಬರಲ್ಲ’ ಅಂತ ಮನೆಗೆ ಹೋಗಿರಬೇಕು! ತಪ್ಪು ಮಕ್ಕಳದ್ದಲ್ಲ. ನಾಲ್ಕು ಜನ ಹೇಳಿದರೆ ಬೇಗ ಸರಿ ಮಾಡುತ್ತಾರೆ. ದಯವಿಟ್ಟು ಹೇಳಿ.

ಸಣ್ಣ ಮಕ್ಕಳು ಆಡಬಹುದಾ?

ಆಡಬಹುದು. ಗಟ್ಟಿಯಾದ ಸ್ಟೂಲ್ ಕೊಡಿ. ಗಾಜಿನ ಮೇಲೆ ಒರಗಲು ಬಿಡಬೇಡಿ.

ಮಶೀನಿನ ಹತ್ತಿರ ಹೇಗಿರಬೇಕು?

ಖಡೇಬಜಾರಿನಲ್ಲಿ ಗಿರ್ಮಿಟ್ಟು, ಭಜಿ ತಿಂದು ಹಾಗೇ ಬರುತ್ತೇವೆ ಅಲ್ವಾ? ಕೈ ತೊಳೆದುಕೊಂಡು ಬನ್ನಿ. ಎಣ್ಣೆ ಕೈಗೆ ಬಟನ್ ಜಾರುತ್ತದೆ, ಮುಂದಿನವರಿಗೂ ಅಂಟುತ್ತದೆ. ಚಹಾ ಕಪ್ಪು ಗಾಜಿನ ಮೇಲೆ ಇಡಬೇಡಿ. ಬೇರೆಯವರು ಆಡುವಾಗ ಪೆಟ್ಟಿಗೆ ಮುಟ್ಟಬೇಡಿ. ಗುಂಡು ಮೈದಾನದಲ್ಲಿರುವಾಗ ಮಾತಾಡಿಸಬೇಡಿ, ಹೋದ ಮೇಲೆ ಮಾತಾಡಿಸಿ. ಹೊಸಬರು ನಿಮ್ಮ ಹಿಂದೆ ನಿಂತಿದ್ದರೆ ಒಂದು ಆಟ ಜೊತೆಗೆ ಆಡಿಸಿ. ಮೊದಲ ಗುಂಡು ಆಡುತ್ತಿರುವಾಗಲೇ ಇನ್ನೊಮ್ಮೆ ಕಾರ್ಡ್ ತೋರಿಸಿ ಸ್ಟಾರ್ಟ್ ಒತ್ತಿದರೆ ಇನ್ನೊಬ್ಬರು ಸೇರುತ್ತಾರೆ. ಸಾಮಾನ್ಯವಾಗಿ ನಾಲ್ಕು ಜನರವರೆಗೆ ಸರದಿಯಂತೆ ಆಡಬಹುದು.

ಮೊಬೈಲ್‌ನಲ್ಲಿ ಆಡಿ ಕಲಿಯಬಹುದಾ?

ಗುಂಡು ಹಿಡಿಯುವುದು, ಹೊಡೆಯುವ ಹೊತ್ತು, ಯಾವ ಬಾಣದಿಂದ ಏನು ಶುರುವಾಗುತ್ತದೆ, ಇದನ್ನೆಲ್ಲ ಕಲಿಯಬಹುದು. ಅಂಗೈಯಿಂದ ತಳ್ಳುವುದನ್ನು ಮಾತ್ರ ನಿಜವಾದ ಮಶೀನಿನ ಮೇಲೇ ಕಲಿಯಬೇಕು.

ಒಳ್ಳೆ ಸ್ಕೋರ್ ಬಂತು, ಏನೋ ಬರೆಯಲು ಕೇಳುತ್ತಿದೆ. ಏನು ಮಾಡಲಿ?

ಸಂತೋಷ! ಟಾಪ್ ಪಟ್ಟಿಗೆ ನಿಮ್ಮ ಗುರುತು ಕೇಳುತ್ತಿದೆ. ಫ್ಲಿಪ್ಪರ್ ಬಟನ್ ಒತ್ತಿದರೆ ಇಂಗ್ಲಿಷ್ ಅಕ್ಷರಗಳು ಹಿಂದೆ ಮುಂದೆ ಸರಿಯುತ್ತವೆ, ಸ್ಟಾರ್ಟ್ ಒತ್ತಿದರೆ ಆ ಅಕ್ಷರ ಕೂರುತ್ತದೆ. ಹೆಚ್ಚಾಗಿ ಮೂರೇ ಅಕ್ಷರಕ್ಕೆ ಜಾಗ. ಸುಮ್ಮನೆ ನಿಂತರೆ ಹೊತ್ತು ಮೀರಿ ಖಾಲಿ ಉಳಿಯಬಹುದು. ಹಾಗಾಗಿ ಮೊದಲೇ ಯೋಚಿಸಿಟ್ಟುಕೊಳ್ಳಿ. ನನ್ನ ತಂಗಿಯ ಮಗಳು ಹೋದ ದೀಪಾವಳಿ ರಜೆಯಲ್ಲಿ ಮೊದಲ ಸಲ ಪಟ್ಟಿಗೆ ಬಂದಾಗ ತನ್ನ ಹೆಸರು ಹಾಕಲಿಲ್ಲ. ಬಿ, ಜಿ, ಎಂ ಅಂತ ಹಾಕಿದಳು. ಬೆಳಗಾವಿ ರೈಲ್ವೆ ಸ್ಟೇಶನ್ನಿನ ಕೋಡ್. ನಾಲ್ಕನೇ ಸ್ಥಾನದಲ್ಲಿ ಈಗಲೂ ಇದೆ, ಹೋದಾಗ ನೋಡಿ.